ಸಂಬಳದ ಬಿಲ್ಲಿನಲ್ಲಿ ಎರಡು ವಿಮೆಗಳು

ಸರ್ಕಾರಿ ನೌಕರರ ಸಂಬಳದ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಎರಡು ವಿಮಾ ಕಟಾವಣೆಗಳು ಕಾಣುತ್ತವೆ. ಒಂದು ಕೆ.ಜಿ.ಐ.ಡಿ., ಮತ್ತೊಂದು ಸಮೂಹ ವಿಮೆ. ಎಷ್ಟೋ ಮಂದಿಗೆ ಇವೆರಡೂ ಒಂದೇ ಎಂಬ ಭಾವನೆ. ನಿವೃತ್ತಿಯ ದಿನ ಹತ್ತಿರ ಬಂದಾಗಲೇ ವ್ಯತ್ಯಾಸ ತಿಳಿಯುವುದು. ಆಗ ತಿಳಿದರೆ ಸರಿಪಡಿಸಲು ಹೆಚ್ಚು ಕಾಲ ಉಳಿದಿರುವುದಿಲ್ಲ.

ಕೆ.ಜಿ.ಐ.ಡಿ. ಎಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಇದು ಮೈಸೂರು ಸಂಸ್ಥಾನದ ಕೊಡುಗೆ. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1891ರಲ್ಲಿ ಸಂಸ್ಥಾನದ ನೌಕರರಿಗಾಗಿ ಇದು ಆರಂಭವಾಯಿತು. ಬ್ರಿಟಿಷ್ ಸರ್ಕಾರದ ಅಂಚೆ ಜೀವ ವಿಮೆ ಶುರುವಾಗಿದ್ದು 1884ರಲ್ಲಿ. ಅದಾದ ಏಳೇ ವರ್ಷಕ್ಕೆ ಮೈಸೂರು ತನ್ನದೇ ವ್ಯವಸ್ಥೆ ಮಾಡಿಕೊಂಡಿತು. 1956ರಲ್ಲಿ ಭಾರತೀಯ ಜೀವ ವಿಮಾ ನಿಗಮ ಹುಟ್ಟುವ ವೇಳೆಗೆ ನಮ್ಮ ಇಲಾಖೆಗೆ 65 ವರ್ಷ ತುಂಬಿತ್ತು.

ಉಳಿತಾಯವೂ ಹೌದು, ರಕ್ಷಣೆಯೂ ಹೌದು

1958ರ ಕಡ್ಡಾಯ ಜೀವ ವಿಮಾ ನಿಯಮಗಳ ಪ್ರಕಾರ ರಾಜ್ಯ ಸರ್ಕಾರಿ ನೌಕರರು ಈ ಇಲಾಖೆಯಲ್ಲಿ ವಿಮೆ ಮಾಡಿಸಲೇಬೇಕು. ವೇತನ ಶ್ರೇಣಿಯ ಸರಾಸರಿಯ ಶೇಕಡ 6.25ರಷ್ಟಾದರೂ ಕಂತು ಕಟ್ಟಬೇಕು. ಬಡ್ತಿ ಸಿಕ್ಕಿ ಅಥವಾ ವೇತನ ಪರಿಷ್ಕರಣೆಯಾಗಿ ಶ್ರೇಣಿ ಏರಿದರೆ ಕಂತಿನ ಪ್ರಮಾಣವೂ ಏರಬೇಕು. ಅದಕ್ಕಾಗಿ ಇನ್ನೊಂದು ಪಾಲಿಸಿ ತೆಗೆದುಕೊಳ್ಳಬೇಕಾಗುತ್ತದೆ. ಆದ್ದರಿಂದಲೇ ಹಳೆಯ ನೌಕರರ ಬಳಿ ಮೂರು, ನಾಲ್ಕು ಬಾಂಡುಗಳಿರುವುದು.

ಇಲ್ಲಿ ಅವಧಿ ಮುಗಿದಾಗ ವಿಮಾ ಮೊತ್ತವೂ ಅದರ ಮೇಲಿನ ಬೋನಸ್ಸೂ ನೌಕರರ ಕೈಸೇರುತ್ತವೆ. ನಡುವೆ ಸಾವು ಸಂಭವಿಸಿದರೆ ಪೂರ್ಣ ವಿಮಾ ಮೊತ್ತ ಮತ್ತು ಅಲ್ಲಿಯವರೆಗಿನ ಬೋನಸ್ ಕುಟುಂಬಕ್ಕೆ ಸಲ್ಲುತ್ತದೆ. ಪಾಲಿಸಿಯ ಮೇಲೆ ಸಾಲವೂ ಸಿಗುತ್ತದೆ. ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ತೆಗೆದ ಸಾಲ ಬಾಕಿ ಉಳಿದಿದ್ದರೆ ಅಸಲು, ಬಡ್ಡಿ ಎರಡನ್ನೂ ಕೊನೆಯ ಮೊತ್ತದಲ್ಲಿ ಮುರಿದುಕೊಳ್ಳುತ್ತಾರೆ.

ಸಮೂಹ ವಿಮೆಯ ಲೆಕ್ಕವೇ ಬೇರೆ

ಸಮೂಹ ವಿಮೆ ಹೀಗಲ್ಲ. ಅದರ ವಂತಿಗೆಯಲ್ಲಿ ಎರಡು ಪಾಲು. ಒಂದು ವಿಮಾ ನಿಧಿಗೆ, ಮತ್ತೊಂದು ಉಳಿತಾಯ ನಿಧಿಗೆ. 1982ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರಿ ನೌಕರರ ಯೋಜನೆಯನ್ನೇ ನೋಡಿ. 1990ರಲ್ಲಿ ಪರಿಷ್ಕರಿಸಿದ ದರದಂತೆ ‘ಸಿ’ ಗುಂಪಿನ ನೌಕರರು, ಉದಾಹರಣೆಗೆ ಅಂಚೆ ಕಚೇರಿಯ ಗುಮಾಸ್ತರು, ತಿಂಗಳಿಗೆ 30 ರೂಪಾಯಿ ಕೊಡುತ್ತಾರೆ. ಅದರಲ್ಲಿ 9 ರೂಪಾಯಿ ವಿಮಾ ನಿಧಿಗೆ, 21 ರೂಪಾಯಿ ಉಳಿತಾಯ ನಿಧಿಗೆ ಹೋಗುತ್ತದೆ. ಸೇವೆಯಲ್ಲಿರುವಾಗ ತೀರಿಕೊಂಡರೆ ಕುಟುಂಬಕ್ಕೆ 30,000 ರೂಪಾಯಿ ವಿಮಾ ಹಣವೂ ಬಡ್ಡಿ ಸಹಿತ ಉಳಿತಾಯವೂ ಬರುತ್ತದೆ. ನಿವೃತ್ತಿಯಾದರೆ ಉಳಿತಾಯದ ಪಾಲು ಮಾತ್ರ ಬಡ್ಡಿಯೊಡನೆ ಸಿಗುತ್ತದೆ.

‘ಇಷ್ಟು ವರ್ಷ ಕಟ್ಟಿದ ವಿಮೆಯ ಹಣ ಎಲ್ಲಿ ಹೋಯಿತು?’ ಎಂದು ನಿವೃತ್ತರು ಕೇಳುವುದು ಸಹಜ. ಆ ಪಾಲು ಎಲ್ಲೂ ಕಳೆದುಹೋಗಿಲ್ಲ. ಅದೇ ವರ್ಷಗಳಲ್ಲಿ ಅಕಾಲದಲ್ಲಿ ತೀರಿಕೊಂಡ ಸಹೋದ್ಯೋಗಿಗಳ ಮನೆಗಳಿಗೆ ಅದು ಸಂದಿದೆ. ಹತ್ತು ಜನರ ಚಿಕ್ಕ ಚಿಕ್ಕ ಪಾಲಿನಿಂದ ಒಂದು ಮನೆಯನ್ನು ನಿಲ್ಲಿಸುವುದೇ ಸಮೂಹ ವಿಮೆಯ ತತ್ತ್ವ. ವಂತಿಗೆ ಅಷ್ಟು ಕಡಿಮೆ ಇರುವುದಕ್ಕೂ ಇದೇ ಕಾರಣ.

ಊರಿನಿಂದ ಕಚೇರಿಗೆ

ಮೈಸೂರು ಜಿಲ್ಲೆಯ ಹೊಸ ಅಗ್ರಹಾರದ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಒಬ್ಬ ಮೇಷ್ಟ್ರನ್ನು ಕಲ್ಪಿಸಿಕೊಳ್ಳೋಣ. ಅವರ ಕೆಲಸ ಊರಿನಲ್ಲಿ, ಸಂಬಳದ ಬಿಲ್ಲು ಸಿದ್ಧವಾಗುವುದು ತಾಲ್ಲೂಕು ಕೇಂದ್ರದಲ್ಲಿ, ಕೆ.ಜಿ.ಐ.ಡಿ.ಯ ಜಿಲ್ಲಾ ವಿಮಾ ಕಚೇರಿ ಇರುವುದು ಮೈಸೂರಿನಲ್ಲಿ. ಇವರು ಪಿರಿಯಾಪಟ್ಟಣಕ್ಕೋ ಎಚ್.ಡಿ. ಕೋಟೆಗೋ ವರ್ಗವಾದರೆ ಬಿಲ್ಲು ಮಾಡುವ ಕಚೇರಿಯೂ ಬದಲಾಗುತ್ತದೆ. ಇಂತಹ ಹೊತ್ತಿನಲ್ಲಿ ಪಾಲಿಸಿ ಸಂಖ್ಯೆಯ ಒಂದು ಅಂಕಿ ತಪ್ಪಾದರೂ ಸಾಕು, ಕಟಾವಣೆಯಾದ ಹಣ ಅವರ ಲೆಕ್ಕಕ್ಕೆ ಸೇರದೆ ಉಳಿಯಬಹುದು. ಸಂಬಳವಿಲ್ಲದ ರಜೆಯ ತಿಂಗಳುಗಳಲ್ಲಿ ಕಂತು ತಪ್ಪಿರುವುದೂ ಗಮನಕ್ಕೆ ಬಾರದೆ ಹೋಗಬಹುದು. ಹೊಸದಾಗಿ ಸೇರಿದವರು ಇನ್ನೊಂದು ಮಾತು ನೆನಪಿಡಬೇಕು: ಸಂಬಳದಲ್ಲಿ ಕಟಾವಣೆಯಾದ ಮಾತ್ರಕ್ಕೆ ವಿಮೆ ಆಯಿತೆಂದಲ್ಲ. ಪ್ರಸ್ತಾವನೆ ಪತ್ರ ವಿಮಾ ಕಚೇರಿಗೆ ತಲುಪಿ, ಬಾಂಡು ಕೈಗೆ ಬಂದಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನಾಮನಿರ್ದೇಶನ. ಕೆಲಸಕ್ಕೆ ಸೇರಿದಾಗ ಮದುವೆಯಾಗಿರುವುದಿಲ್ಲ. ತಾಯಿಯ ಹೆಸರನ್ನೋ ತಮ್ಮನ ಹೆಸರನ್ನೋ ಬರೆದುಕೊಟ್ಟಿರುತ್ತಾರೆ. ಆಮೇಲೆ ಹೆಂಡತಿ, ಮಕ್ಕಳು ಬಂದರೂ ಕಾಗದದಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ದುಃಖದ ಸಮಯದಲ್ಲಿ ಒಂದೇ ಮನೆಯ ಅತ್ತೆ ಸೊಸೆಯರು ಹಣಕ್ಕಾಗಿ ಎದುರುಬದುರು ನಿಲ್ಲುವ ಪರಿಸ್ಥಿತಿ ಬರುವುದು ಹೀಗೆ. ಮದುವೆಯಾದ ಕೂಡಲೇ ಹೊಸ ನಾಮನಿರ್ದೇಶನ ಕೊಟ್ಟು, ಅದು ದಾಖಲಾಗಿದೆಯೇ ಎಂದು ನೋಡಿಕೊಳ್ಳುವುದು ಒಂದು ದಿನದ ಕೆಲಸ.

ನಿವೃತ್ತಿಗೆ ಮುನ್ನ

ಸೇವೆ ಮುಗಿದ ಮೇಲೆ ಸಮೂಹ ವಿಮೆಯ ರಕ್ಷಣೆ ಇರುವುದಿಲ್ಲ. ಕೆ.ಜಿ.ಐ.ಡಿ. ಪಾಲಿಸಿಯೂ ಅವಧಿ ಮುಗಿದು ಹಣ ಸಂದಾಯವಾದ ಮೇಲೆ ಮುಗಿದಂತೆಯೇ. ಕುಟುಂಬ ಪಿಂಚಣಿ ಇವುಗಳಿಗೆ ಸಂಬಂಧಿಸಿದ್ದಲ್ಲ, ಅದು ಪ್ರತ್ಯೇಕ. ಹಾಗಾಗಿ ಕೈಗೆ ಬರುವ ಮೊತ್ತವನ್ನು ಮುಂದಿನ ವರ್ಷಗಳ ಆಧಾರವೆಂದೇ ತಿಳಿಯಬೇಕು.

ನಿವೃತ್ತಿಗೆ ಒಂದೆರಡು ವರ್ಷ ಇರುವಾಗಲೇ ಮೂರು ಕೆಲಸ ಮಾಡಿ. ಎಲ್ಲ ಬಾಂಡುಗಳನ್ನೂ ಒಂದೆಡೆ ಸೇರಿಸಿ, ಸಂಖ್ಯೆಗಳನ್ನು ಸಂಬಳದ ಬಿಲ್ಲಿನೊಡನೆ ತಾಳೆ ನೋಡಿ. ಬಿಟ್ಟುಹೋದ ಕಂತುಗಳ ವಿವರವನ್ನೂ ಸಾಲದ ಬಾಕಿಯನ್ನೂ ಜಿಲ್ಲಾ ವಿಮಾ ಕಚೇರಿಯಲ್ಲಿ ಕೇಳಿ ಪಡೆಯಿರಿ. ಸೇವಾ ವಹಿಯಲ್ಲಿ ಸಮೂಹ ವಿಮೆಯ ವಂತಿಗೆ ಮತ್ತು ನಾಮನಿರ್ದೇಶನ ನಮೂದಾಗಿವೆಯೇ ಎಂದು ಪರೀಕ್ಷಿಸಿ.

ಈ ಕಾಗದಗಳು ಎಲ್ಲಿವೆ ಎಂಬುದನ್ನು ಮನೆಯವರಿಗೂ ತಿಳಿಸಿಡಿ. ಅಗತ್ಯ ಬಿದ್ದಾಗ ಅವನ್ನು ಹುಡುಕಬೇಕಾದವರು ಅವರೇ.