ಹೀಬ್ರೂ ಪದಗಳ ಅರ್ಥಶೋಧ: ಹಲ್ಮಿಡಿ ಹೇಳುವ ಪಾಠ

ಅರಸೀಕೆರೆ ಎಂದರೆ ಅರಸಿಯ ಕೆರೆ. ಹೆಸರನ್ನು ಬಿಡಿಸಿದೊಡನೆ ಅರ್ಥ ತಾನಾಗಿ ಹೊರಬೀಳುತ್ತದೆ. ಅಲ್ಲಿಂದ ಬೇಲೂರಿನತ್ತ ಸಾಗುವಾಗ ಸಿಗುವ ಹಳೇಬೀಡಿನ ವಿಷಯದಲ್ಲಿ ಮಾತ್ರ ಈ ಉಪಾಯ ಸಾಲದು. ‘ಬೀಡು’ ಪದದ ಮೂಲ ‘ಬಿಡು’ ಎಂಬ ಧಾತು; ಹಾಗೆಂದು ಅದನ್ನು ‘ಜನ ಬಿಟ್ಟುಹೋದ ಊರು’ ಎಂದು ಅರ್ಥೈಸುವಂತಿಲ್ಲ. ಬೀಡು ಎಂದರೆ ಅರಸನು ನೆಲೆಗೊಂಡ ಸ್ಥಳ. ಹೊಯ್ಸಳರ ಶಾಸನಗಳಲ್ಲಿ ದೋರಸಮುದ್ರವು ರಾಜರ ‘ನೆಲೆವೀಡು’, ಅಂದರೆ ರಾಜಧಾನಿ.

ಸತ್ಯವೇದದ ಹಳೆಯ ಒಡಂಬಡಿಕೆಯನ್ನು ಮೂಲಪದಗಳ ಸಹಿತ ಅಭ್ಯಸಿಸುವವರಿಗೂ ಇದೇ ಎಚ್ಚರ ಬೇಕು. ಅಮೆರಿಕದ ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಪ್ರಕಟಿಸಿದ ಪದಸೂಚಿಯು ಅದರ ಹೀಬ್ರೂ ಹಾಗೂ ಅರಾಮಿಕ್ ಪದಗಳಿಗೆ 8,674ರವರೆಗೆ ಕ್ರಮಸಂಖ್ಯೆ ನೀಡಿತು. ಹೀಬ್ರೂ ಲಿಪಿ ಅರಿಯದವರಿಗೂ ಇದರಿಂದ ಮೂಲಪದದ ಪರಿಚಯ ಸಾಧ್ಯವಾಯಿತು. ತೊಡಕು ಹುಟ್ಟುವುದು, ಅಲ್ಲಿ ಕೊಟ್ಟಿರುವ ಧಾತುವನ್ನೇ ಅರ್ಥವೆಂದು ಭಾವಿಸಿದಾಗ, ಇಲ್ಲವೇ ಹಲವು ಅರ್ಥಗಳಲ್ಲಿ ತಮಗೆ ಒಪ್ಪಿದ್ದನ್ನು ಆರಿಸಿಕೊಂಡಾಗ.

ಶಾಸನದ ಸಾಕ್ಷಿ

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಇದಕ್ಕೆ ಉತ್ತಮ ನಿದರ್ಶನ. 1936ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಈ ಶಾಸನದಲ್ಲಿ ‘ಬಾಳ್ಗಳ್ಚು’ ಎಂಬ ಪದವಿದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಪದವನ್ನಷ್ಟೇ ಬಿಡಿಸಿದರೆ ದೊರೆಯುವುದು ‘ಕತ್ತಿ ತೊಳೆಯುವುದು’. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಊರುಗಳನ್ನು ಕೊಟ್ಟ ಸಂದರ್ಭವನ್ನು ಕೂಡಿಸಿ ಓದಿದಾಗಲೇ ಅದು ವೀರನಿಗೆ ಸಂದ ದತ್ತಿ ಎಂಬುದು ತಿಳಿಯುತ್ತದೆ.

ಪ್ರಾಣವೋ, ಆತ್ಮವೋ?

ಹೀಬ್ರೂ ಭಾಷೆಯ ‘ನೆಫೆಷ್’ ಪದದ ಸ್ಥಿತಿಯೂ ಇಂಥದೇ. ಇದನ್ನು ಸಾಮಾನ್ಯವಾಗಿ ಪ್ರಾಣ ಅಥವಾ ಆತ್ಮ ಎಂದು ಅರ್ಥೈಸಲಾಗುತ್ತದೆ. ಆದರೆ ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ಬಳಸಿದ ‘ಜೀವಿಸುವ ನೆಫೆಷ್’ ಎಂಬ ಮಾತೇ ಮೊದಲನೆಯ ಅಧ್ಯಾಯದಲ್ಲಿ ಜಲಚರಗಳಿಗೂ ಬಳಕೆಯಾಗಿದೆ. 69ನೆಯ ಕೀರ್ತನೆಯಲ್ಲಿ ನೀರು ನೆಫೆಷ್‌ವರೆಗೆ ಏರಿದಾಗ ಅದರ ಅರ್ಥ ಕೊರಳು. ಅರಣ್ಯಕಾಂಡದ ಆರನೆಯ ಅಧ್ಯಾಯದಲ್ಲಿ ಅದೇ ಪದ ಶವವನ್ನು ಸೂಚಿಸುತ್ತದೆ.

ಕನ್ನಡದ ‘ಆತ್ಮ’ ಶಬ್ದದ ಹಿಂದೆ ಉಪನಿಷತ್ತುಗಳಿಂದ ಬಂದ ದೀರ್ಘ ವಿಚಾರಪರಂಪರೆಯಿದೆ. ಅದನ್ನು ಎಲ್ಲೆಡೆ ನೆಫೆಷ್ ಮೇಲೆ ಹೊರಿಸಿದರೆ ಮೂಲದಲ್ಲಿಲ್ಲದ ಭಾವ ಸೇರಿಕೊಳ್ಳುತ್ತದೆ. ಸಾವಿನ ನಂತರ ಏನು ಎಂಬ ಗಹನ ಪ್ರಶ್ನೆಗೆ ಒಂದೇ ಪದದ ಆಧಾರದಿಂದ ಉತ್ತರ ಕಟ್ಟುವವರು ಇದನ್ನು ಗಮನಿಸಬೇಕು. ವಿದ್ವಾಂಸ ಜೇಮ್ಸ್ ಬಾರ್ 1961ರ ತಮ್ಮ ಗ್ರಂಥದಲ್ಲಿ ಧಾತುವಿನಿಂದಲೇ ಅರ್ಥ ನಿರ್ಣಯಿಸುವ ಕ್ರಮವನ್ನು ಕಟುವಾಗಿ ವಿಮರ್ಶಿಸಿದ್ದರು.

ಸರಿಯಾದ ದಾರಿ

ಕನ್ನಡಿಗರಿಗೆ ಈ ದಾರಿ ಹೊಸದಲ್ಲ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಹೊರತಂದ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಕಾವ್ಯ, ಗಾದೆಗಳ ಪ್ರಯೋಗಗಳನ್ನೂ ಜೊತೆಗೂಡಿಸಿದರು. ಹೀಬ್ರೂ ಪದವನ್ನು ಅರಿಯಲು ಬಯಸುವವರೂ ಮೊದಲು ಅದು ಬರುವ ವಾಕ್ಯವನ್ನು ಪೂರ್ಣ ಓದಿ, ಅದೇ ಗ್ರಂಥದ ಇತರ ಪ್ರಯೋಗಗಳೊಡನೆ ಹೋಲಿಸಿ, ಆ ಬಳಿಕ ಎರಡು ಮೂರು ಅನುವಾದಗಳನ್ನು ಪರಿಶೀಲಿಸುವುದು ಒಳಿತು. ಧಾತುವಿನ ಸರದಿ ಕೊನೆಗೆ ಬಂದರೆ ಸಾಕು.