ಮಿಲ್ಲರ್ಸ್ ರಸ್ತೆಯ ಬಹುಭಾಷಾ ಸಭೆ

ಬೆಂಗಳೂರಿನ ದಂಡು ರೈಲು ನಿಲ್ದಾಣದಿಂದ ಬೆನ್ಸನ್ ಟೌನ್ ಹೆಚ್ಚು ದೂರವಿಲ್ಲ. ಅಲ್ಲಿನ ಮಿಲ್ಲರ್ಸ್ ರಸ್ತೆಯಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಎಲ್ಲರೂ ಕರೆಯುವುದು ಯು.ಟಿ.ಸಿ. ಎಂದು. 1910ರಲ್ಲಿ ಶುರುವಾದ ಈ ಸಂಸ್ಥೆ ಸಭಾಪಾಲಕರನ್ನು ತಯಾರು ಮಾಡುವ ಕಾಲೇಜು ಎಂದಷ್ಟೇ ಹೊರಗಿನವರು ಬಲ್ಲರು. ಆದರೆ ಅದು ಸ್ವತಃ ಒಂದು ಸಭೆಯೂ ಹೌದು. ಇಲ್ಲಿ ಓದುವವರೇ ಸಭಿಕರು, ಆರಾಧನೆ ನಡೆಸುವವರೂ ಅವರೇ. ಓದು ಮುಗಿದಂತೆ ಹಳಬರು ಹೋಗುತ್ತಾರೆ, ಹೊಸಬರು ಬರುತ್ತಾರೆ.

ಬರುವವರು ಒಂದೇ ಕಡೆಯವರಲ್ಲ. ಮಿಜೋರಾಮಿನ ಪ್ರೆಸ್ಬಿಟೇರಿಯನ್ನರು, ನಾಗಾಲ್ಯಾಂಡಿನ ಬ್ಯಾಪ್ಟಿಸ್ಟರು, ಕೇರಳದ ಮಾರ್ ತೋಮಾದವರು, ಆಂಧ್ರದ ಲೂಥರನ್ನರು, ತಮಿಳುನಾಡು ಮತ್ತು ಕರ್ನಾಟಕದ ದಕ್ಷಿಣ ಭಾರತ ಸಭೆಯವರು, ಅಂದರೆ ಸಿ.ಎಸ್.ಐ.ನವರು. ಪಾಠದ ಭಾಷೆ ಇಂಗ್ಲಿಷ್. ಹಾಡಿಗೆ ಬಂದಾಗ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ವೆಲ್ಷ್ ಮಿಷನರಿಗಳು ಕಲಿಸಿದ ಸೋಲ್ಫಾ ಸ್ವರಲಿಪಿ ಪದ್ಧತಿಯಲ್ಲಿ ಬೆಳೆದ ಮಿಜೋ ಹುಡುಗರಿಗೆ ನಾಲ್ಕು ಧ್ವನಿಗಳಲ್ಲಿ ಹಾಡುವುದು ಸಲೀಸು. ತಮಿಳರು ಕ್ರೈಸ್ತ ಕವಿ ವೇದನಾಯಕ ಶಾಸ್ತ್ರಿಗಳ ಕೀರ್ತನೆಗಳನ್ನು ರಾಗ, ತಾಳ ಹಿಡಿದು ಹಾಡುವವರು. ಕನ್ನಡಿಗರ ಹಿಂದೆ ಬಾಸೆಲ್ ಮಿಷನ್ನಿನ ಪರಂಪರೆ ಇದೆ. ಆ ಮಿಷನ್ನಿನವರೇ ಆದ ನಿಘಂಟಿನ ಕಿಟ್ಟೆಲ್ ಯೇಸುವಿನ ಕಥೆಯನ್ನು ಕನ್ನಡ ಛಂದಸ್ಸಿನಲ್ಲೇ 'ಕಥಾಮಾಲೆ'ಯಾಗಿ ಬರೆದದ್ದು 1862ರಲ್ಲಿ.

ಹಾಡಿನಲ್ಲಿ ಒಂದಾಗುವುದು ಸುಲಭ. ಕಷ್ಟ ಶುರುವಾಗುವುದು ಅದರಾಚೆ. ಬ್ಯಾಪ್ಟಿಸ್ಟರು ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಸಿ.ಎಸ್.ಐ.ನವರು ಕೊಡುತ್ತಾರೆ. ಮಾರ್ ತೋಮಾದವರಿಗೆ ಬಿಷಪರಿಲ್ಲದ ಸಭೆಯನ್ನು ಊಹಿಸುವುದೇ ಕಷ್ಟ, ಪ್ರೆಸ್ಬಿಟೇರಿಯನ್ನರಲ್ಲಿ ಬಿಷಪರೇ ಇಲ್ಲ. ಅವರವರ ಊರಿನಲ್ಲಿ ಈ ಭೇದಗಳು ಬೇರೆಯವರ ಮಾತಾಗಿ ಉಳಿಯುತ್ತಿದ್ದವು. ಇಲ್ಲಿ ಪಕ್ಕದ ಕೋಣೆಯ ಗೆಳೆಯನ ಮಾತು. ಊಟದ ವಿಷಯ ಇನ್ನೂ ಸೂಕ್ಷ್ಮ. ಈಶಾನ್ಯದವರಿಗೆ ಹುದುಗಿಸಿದ ಸೋಯಾ ಕಾಳಿನ ಘಮ ಎಂದರೆ ತಾಯಿಯ ಅಡುಗೆಮನೆ. ದಕ್ಷಿಣದವರಲ್ಲಿ ಮೊದಲ ಸಲ ಅದನ್ನು ಮೂಸಿ ಮುಖ ತಿರುಗಿಸುವವರೇ ಹೆಚ್ಚು. ಬೇರೆಯವರ ಸಿದ್ಧಾಂತವನ್ನು ಒಪ್ಪುವುದಕ್ಕಿಂತ ಅವರ ತಟ್ಟೆಯನ್ನು ಗೌರವಿಸಲು ಹೆಚ್ಚು ಕಾಲ ಬೇಕು ಎಂದು ನಾನು ನಂಬುತ್ತೇನೆ. ಕೂಡಿ ಬಾಳುವ ವಿದ್ಯಾರ್ಥಿ ಸಭೆಯಿಂದ ಸಿಗುವ ದೊಡ್ಡ ಪಾಠವೂ ಅದೇ.

ಕಾಲೇಜಿನ ಇತಿಹಾಸದಲ್ಲೂ ಇದೇ ಬೆರಕೆ ಇದೆ. ಆರಂಭದ ವರ್ಷಗಳಲ್ಲಿ ಪ್ರಾಂಶುಪಾಲರಾಗಿದ್ದ ಎಲ್.ಪಿ. ಲಾರ್ಸೆನ್ ಡೆನ್ಮಾರ್ಕಿನವರು, ತಮಿಳು ಬೈಬಲಿನ ಪರಿಷ್ಕರಣೆಗೆ ದುಡಿದ ವಿದ್ವಾಂಸರು. ಕಾಲೇಜನ್ನು ಕಟ್ಟಿದ್ದು ಹಲವು ಮಿಷನ್ನುಗಳು ಕೂಡಿ. ಅವುಗಳಲ್ಲಿ ಲಂಡನ್ ಮಿಷನ್ ಕನ್ನಡಿಗರಿಗೆ ಪರಿಚಿತವೇ: ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ಚರ್ಚು ನೆನಪಿಸುವ ಬೆಂಜಮಿನ್ ರೈಸ್ ಆ ಮಿಷನ್ನಿನವರು, ಶಾಸನತಜ್ಞ ಬಿ.ಎಲ್. ರೈಸರ ತಂದೆ. 1954ರಲ್ಲಿ ಜೆ. ರಸಲ್ ಚಂದ್ರನ್ ಪ್ರಾಂಶುಪಾಲರಾದರು, ಆ ಪೀಠಕ್ಕೆ ಬಂದ ಮೊದಲ ಭಾರತೀಯ. ಇದೇ ರಸ್ತೆಯಲ್ಲಿ ಧರ್ಮ ಮತ್ತು ಸಮಾಜ ಅಧ್ಯಯನದ ಕ್ರೈಸ್ತ ಸಂಸ್ಥೆಯೂ ಇತ್ತು. ಅದರ ನಿರ್ದೇಶಕರಾಗಿದ್ದ ಎಂ.ಎಂ. ಥಾಮಸ್ ಮಲಯಾಳಿ, ಮಾರ್ ತೋಮಾ ಸಭೆಯವರು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು.

ಆದರೂ ಈ ಆವರಣದ ಬಹು ಮುಖ್ಯ ಘಟನೆಯೆಂದರೆ ನನಗೆ 1981ರ ಒಂದು ಭಾಷಣ. ವಿದ್ಯಾರ್ಥಿಗಳ 'ಕೇರಿ ಸೊಸೈಟಿ' ಎಂಬ ಸಂಘದಲ್ಲಿ ದೇವತಾಶಾಸ್ತ್ರಜ್ಞ ಅರವಿಂದ ಪಿ. ನಿರ್ಮಲ್ ಅಂದು ಶೂದ್ರ ದೇವತಾಶಾಸ್ತ್ರದ ಬಗ್ಗೆ ಮಾತನಾಡಿದರು. ಭಾರತದ ಸಭೆಗಳಲ್ಲಿ ದೊಡ್ಡ ಪಾಲು ದಲಿತರದು. ಅವರ ಪರವಾಗಿ ದೇವರ ಬಗ್ಗೆ ಬರೆದವರು ಮಾತ್ರ ಉದ್ದಕ್ಕೂ ಮೇಲ್ಜಾತಿಯ ತತ್ವಶಾಸ್ತ್ರದ ಭಾಷೆಯನ್ನೇ ಎರವಲು ಪಡೆದಿದ್ದರು. ನೊಂದವನ ಬದುಕಿನಿಂದಲೇ ದೇವರ ಮಾತು ಹೊರಡಬೇಕು ಎಂಬ ವಿಚಾರ ಅಲ್ಲಿಂದ ಬೆಳೆದು ದಲಿತ ದೇವತಾಶಾಸ್ತ್ರ ಎಂಬ ಹೆಸರು ಪಡೆಯಿತು. ಇಂಥ ಮಾತು ವಿದ್ಯಾರ್ಥಿಗಳ ವೇದಿಕೆಯಲ್ಲಿ ಮೊಳೆತದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಜಾತಿ, ಬುಡಕಟ್ಟು, ಭಾಷೆ ಬೇರೆಯಾದವರು ಒಂದೇ ಬೆಂಚಿನಲ್ಲಿ ಕೂತಾಗ ಯಾರೊಬ್ಬರ ಅನುಭವವೂ ಎಲ್ಲರದು ಎಂದು ನಡೆದುಹೋಗುವುದಿಲ್ಲ. ಪಕ್ಕದವನು ಪ್ರಶ್ನೆ ಕೇಳಿಯೇ ಕೇಳುತ್ತಾನೆ.

ಇಂಥ ಜಾಗದ ಬೆಲೆ ಗೊತ್ತಾಗಲು 2012ರ ಆಗಸ್ಟ್ ನೆನಪಿಸಿಕೊಂಡರೆ ಸಾಕು. ತಮ್ಮ ಮೇಲೆ ಹಲ್ಲೆಯಾಗುತ್ತದೆ ಎಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಯುವಜನ ಗುವಾಹಟಿಯ ವಿಶೇಷ ರೈಲುಗಳನ್ನು ಹತ್ತಿ ಬೆಂಗಳೂರು ಬಿಟ್ಟರು. ಹೋಟೆಲು, ಸಲೂನುಗಳಲ್ಲಿ ದಿನವೂ ಕಂಡ ಮುಖಗಳ ಹೆಸರು ಎಷ್ಟು ಕಡಿಮೆ ಜನಕ್ಕೆ ಗೊತ್ತಿತ್ತು ಎಂಬುದು ಆ ದಿನಗಳಲ್ಲಿ ಬಯಲಾಯಿತು. ನಾಲ್ಕೈದು ವರ್ಷ ಒಟ್ಟಿಗೆ ಉಂಡು, ವಾದಿಸಿ, ಪ್ರಾರ್ಥಿಸಿದವರಿಗೆ ಒಬ್ಬರನ್ನೊಬ್ಬರು ಹೀಗೆ ಅಪರಿಚಿತರಂತೆ ಕಾಣಲು ಆಗದು.

ದೇವತಾಶಾಸ್ತ್ರ ಓದುವವರು ತರಬೇತಿಯ ಭಾಗವಾಗಿ ನಗರದ ಸಭೆಗಳಿಗೂ ಹೋಗುತ್ತಾರೆ. ಹಾಗೆ ನಿಮ್ಮ ಕನ್ನಡ ಸಭೆಗೆ ನಾಗಾ ಹುಡುಗಿಯೋ ಖಾಸಿ ಹುಡುಗನೋ ಬಂದರೆ ಹಿಂದಿನ ಬೆಂಚಿನಲ್ಲಿ ಕೂರಿಸಿ ಕಳಿಸಬೇಡಿ. ಅವರ ಭಾಷೆಯಲ್ಲೇ ಒಂದು ಹಾಡು ಹಾಡಿಸಿ, ನಿಮ್ಮದೊಂದು ಕೀರ್ತನೆ ಕಲಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆಯಿರಿ.