ಉಳ್ಳಾಲದ ದಂಡೆಗೆ ಬಂದ ಕಷ್ಟ

ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು, ಮಡಿಕೇರಿಯ ಘಟ್ಟವಿಳಿದು ಸಾಗುವ ಹಾದಿ ಪ್ರಯಾಣಿಕನನ್ನು ಕಡೆಗೆ ಮಂಗಳೂರಿನ ಕಡಲಿಗೆ ಮುಟ್ಟಿಸುತ್ತದೆ. ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸಂಸಾರಗಳೂ ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಇದೇ ಹಾದಿ ಹಿಡಿಯುವುದುಂಟು. ಲಕ್ಷ್ಮಣತೀರ್ಥ, ಕಪಿಲೆಗಳ ದಡದಲ್ಲಿ ಬೆಳೆದ ಮಗುವಿಗೆ ಕಡಲ ದಂಡೆಯೆಂದರೆ ಮರಳಿನ ಮನೆ ಕಟ್ಟುವ ಬಯಲು. ಆದರೆ ನೇತ್ರಾವತಿಯ ಸೇತುವೆ ದಾಟಿ ಉಳ್ಳಾಲಕ್ಕೆ ಹೋದರೆ ಹಲವೆಡೆ ಮರಳಿಗಿಂತ ಮೊದಲು ಕಣ್ಣಿಗೆ ಬೀಳುವುದು ಕಪ್ಪು ಬಂಡೆಗಳ ರಾಶಿ.

ಪೋರ್ಚುಗೀಸರನ್ನೆದುರಿಸಿದ ರಾಣಿ ಅಬ್ಬಕ್ಕನ ಊರದು. ಇಂದು ಅಲ್ಲಿಯವರು ಎದುರಿಸಬೇಕಾಗಿರುವುದು ಅಲೆಗಳನ್ನು. ಮುಂಗಾರು ಬಲಿತಾಗ ತೆಂಗಿನ ಮರಗಳು ಬುಡಸಹಿತ ಉರುಳಿವೆ. ಮನೆಗಳ ಗೋಡೆಗಳು ಕುಸಿದಿವೆ.

ಇದೆಲ್ಲವೂ ಸಮುದ್ರರಾಜನ ಕೋಪವೆಂದು ಹೇಳಿಬಿಡುವುದು ಸುಲಭ. ಆದರೆ ದಂಡೆಯ ಮರಳು ಎಂದೂ ನಿಂತಲ್ಲಿ ನಿಲ್ಲುವಂಥದಲ್ಲ. ಮಳೆಗಾಲದ ಹೆದ್ದೆರೆಗಳು ಅದನ್ನು ಸೆಳೆದೊಯ್ದು ತೀರದಿಂದ ತುಸು ದೂರದಲ್ಲಿ, ನೀರಿನಡಿ ದಿಬ್ಬವಾಗಿ ಪೇರಿಸುತ್ತವೆ. ಮಳೆ ಹಿಂದೆಗೆದ ಮೇಲೆ ಸೌಮ್ಯವಾದ ಅಲೆಗಳು ಅದರಲ್ಲಿ ಬಹುಪಾಲನ್ನು ತಂದೊಪ್ಪಿಸುತ್ತವೆ. ದಂಡೆಯುದ್ದಕ್ಕೂ ಮರಳು ಋತುವಿಗೆ ತಕ್ಕಂತೆ ತೆಂಕಿಗೂ ಬಡಗಿಗೂ ಸರಿದಾಡುತ್ತದೆ. ನದಿಗಳು ತರುವುದು ಹೊಸ ವರಮಾನ. ಅದಕ್ಕೆ ಅಡ್ಡಿಯಾದರೆ ಲೆಕ್ಕ ತಪ್ಪುತ್ತದೆ. ಕಪಿಲೆಗೆ ಬೀಚನಹಳ್ಳಿಯಲ್ಲಿ, ಕಾವೇರಿಗೆ ಕನ್ನಂಬಾಡಿಯಲ್ಲಿ ಕಟ್ಟಿದ ಅಣೆಕಟ್ಟುಗಳು ನಾಡಿಗೆ ಅನ್ನವಿತ್ತವು, ನಿಜ. ಆದರೆ ಪೂರ್ವದ ಕಡಲಿಗೆ ಸಲ್ಲಬೇಕಾದ ಹೂಳು, ಮರಳುಗಳಲ್ಲಿ ಒಂದು ಪಾಲು ಅವುಗಳ ಹಿಂದೆಯೇ ಉಳಿಯಿತು.

ಉಳ್ಳಾಲದ ಕಥೆ ಅಳಿವೆಯದು. ನೇತ್ರಾವತಿ, ಗುರುಪುರ ನದಿಗಳೆರಡೂ ಅಲ್ಲಿ ಒಂದೇ ಬಾಯಿಂದ ಕಡಲು ಸೇರುತ್ತವೆ. ಬಡಗಕ್ಕೆ ಬೆಂಗ್ರೆ, ತೆಂಕಕ್ಕೆ ಉಳ್ಳಾಲ. ಹಳೆಯ ಬಂದರಿಗೆ ಹೋಗಿಬರುವ ದೋಣಿಗಳ ದಾರಿಯಲ್ಲಿ ಮರಳು ತುಂಬದಿರಲೆಂದು 1990ರ ದಶಕದಲ್ಲಿ ಅಳಿವೆಯ ಇಕ್ಕೆಲಗಳಲ್ಲಿ ಕಡಲೊಳಕ್ಕೆ ಚಾಚಿದ ಕಲ್ಲಿನ ಅಲೆತಡೆಗಳು ಎದ್ದವು. ಬೆಂಗ್ರೆಯ ಬದಿಯಲ್ಲಿ ಮರಳು ಕೂಡಿತು. ಉಳ್ಳಾಲದ ಬದಿಯಲ್ಲಿ ಕರಗಿತು. ಇದೇನೂ ಹೊಸ ಅನುಭವವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮದರಾಸಿನ ಬಂದರು ಕಟ್ಟಿದಾಗ ತೆಂಕಕ್ಕೆ ಮರಳು ಬೆಳೆದು ಮರೀನಾ ವಿಸ್ತಾರವಾಯಿತು, ಬಡಗಣ ರಾಯಪುರದ ತೀರವನ್ನು ಕಡಲು ಕೊರೆಯಿತು. ನೂರು ವರ್ಷಗಳ ಹಿಂದಿನ ಪಾಠ ಇಷ್ಟು ಹತ್ತಿರದಲ್ಲೇ ಇದ್ದಿತು!

ಮನೆಯ ಹೊಸ್ತಿಲಿಗೆ ನೀರು ಬಂದವನಿಗೆ ಇಂಥ ಪಾಠಗಳಿಂದ ಸಮಾಧಾನವಾದೀತೆ? ಆತನು ಬಂಡೆ ಬೇಡುತ್ತಾನೆ. ಸರಕಾರ ಬಂಡೆ ಸುರಿಸುತ್ತದೆ. ಮರಳಿನ ಇಳಿಜಾರಿನಲ್ಲಿ ಏರಿ ದಣಿಯಬೇಕಾದ ಅಲೆ ಕಲ್ಲಿಗೆ ಬಡಿದು, ಅದೇ ರಭಸದಿಂದ ಹಿಮ್ಮೆಟ್ಟುವಾಗ ಗೋಡೆಯ ಬುಡವನ್ನೇ ಕೆದಕುತ್ತದೆ. ಬಂಡೆ ಮೆಲ್ಲನೆ ಹೂತುಹೋಗುತ್ತದೆ. ಗೋಡೆ ಮುಗಿದಲ್ಲಿ, ನೆರೆಯವನ ಹಿತ್ತಲಲ್ಲಿ, ಕೊರೆತ ಮೊದಲಾಗುತ್ತದೆ.

ಬಳಿಕ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಬೇರೊಂದು ಉಪಾಯವನ್ನು ಹೂಡಲಾಯಿತು. ಮರಳು ತುಂಬಿದ ಭಾರಿ ಚೀಲಗಳನ್ನು ತೀರದಾಚೆ ಕಡಲ ತಳದಲ್ಲಿ ಜೋಡಿಸಿ, ಅಲೆಗಳು ದಡ ಮುಟ್ಟುವ ಮೊದಲೇ ಮುರಿಯುವಂತೆ ದಿಬ್ಬಗಳನ್ನು ರಚಿಸಿದರು. ತೀರದ ಬಳಿ ಕಲ್ಲಿನ ಒಡ್ಡುಗಳನ್ನೂ ಹಾಕಿದರು. ಗೋಡೆಗಿಂತ ಇದು ಬುದ್ಧಿಯ ಕೆಲಸವೆನ್ನಬೇಕು.

ಅಷ್ಟಾದರೂ ತೆಂಕಣ ಸೋಮೇಶ್ವರ, ಉಚ್ಚಿಲ, ಬಟ್ಟಪ್ಪಾಡಿಗಳ ಜನರಿಗೆ ನೆಮ್ಮದಿಯಿಲ್ಲ. ಉಳ್ಳಾಲದಲ್ಲಿ ಅಲೆ ತಗ್ಗಿದ ಮೇಲೆ ಕೊರೆತ ತಮ್ಮತ್ತ ಸರಿಯಿತೆಂಬುದು ಅವರ ದೂರು. ತೀರದ ಬೀದಿಯೇ ಅಲೆಗಳ ಪಾಲಾದುದನ್ನು ಅವರು ಕಂಡಿದ್ದಾರೆ. ಮಳೆಗಾಲದ ತುರ್ತಿಗೆ ಅಲ್ಲಿಗೂ ಬಂದಿರುವುದು ಬಂಡೆಗಳೇ.